ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಆರೋಗ್ಯ ಸೇವೆಯ ವಿಸ್ತರಣೆ: ಒಂದು ಚಾರಿತ್ರಿಕ ಅವಲೋಕನ

ಉತ್ತರ ಕನ್ನಡ ಜಿಲ್ಲೆಯ ದಕ್ಷಿಣ ಕರಾವಳಿಯಲ್ಲಿ ಕುಮಟಾ, ಹೊನ್ನಾವರ ಮತ್ತು ಭಟ್ಕಳ ತಾಲೂಕುಗಳು ಉತ್ತರದಿಂದ ದಕ್ಷಿಣಕ್ಕೆ ಒಂದಕ್ಕೊಂದು ಹೊಂದಿಕೊಂಡಿವೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿಯ ಘಟ್ಟ, ಇವೆರಡರ ನಡುವೆ ಕಿರಿದಾದ ಬಯಲು. ಈ ಬಯಲನ್ನು ಅಘನಾಶಿನಿ, ಶರಾವತಿ ಮತ್ತು ವೆಂಕಟಾಪುರ ಹೊಳೆಗಳು ಅಡ್ಡಲಾಗಿ ಸೀಳಿ ಸಮುದ್ರ ಸೇರುತ್ತವೆ. ಮೀನುಗಾರಿಕೆ, ಭತ್ತದ ಬೇಸಾಯ, ತೆಂಗು ಮತ್ತು ಅಡಕೆ ತೋಟಗಳು ಇಲ್ಲಿನ ಜನರ ಮುಖ್ಯ ಜೀವನಾಧಾರಗಳು. ನಾಮಧಾರಿ, ಹಾಲಕ್ಕಿ ಒಕ್ಕಲು, ಹವ್ಯಕ, ಖಾರ್ವಿ, ಹರಿಕಂತ್ರ, ಅಂಬಿಗ, ಮೊಗೇರ, ಗೊಂಡ, ನವಾಯತ, ಕ್ರೈಸ್ತ ಮೊದಲಾದ ಹಲವು ಸಮುದಾಯಗಳು ಇಲ್ಲಿ ಶತಮಾನಗಳಿಂದ ನೆಲೆಸಿವೆ.

ಈ ಪ್ರದೇಶದ ಬಂದರುಗಳು, ಮೆಣಸಿನ ವ್ಯಾಪಾರ, ಗೇರುಸೊಪ್ಪೆಯ ಅರಸು ಮನೆತನ, ಬಸದಿ ದೇವಾಲಯಗಳ ಬಗ್ಗೆ ಸಾಕಷ್ಟು ಸಂಶೋಧನೆ ನಡೆದಿದೆ. ಜನರ ಆರೋಗ್ಯದ ಚರಿತ್ರೆಗೆ ಅಷ್ಟು ಗಮನ ದೊರೆತಿಲ್ಲ. ಆಸ್ಪತ್ರೆಗಳು ಯಾವಾಗ ಆರಂಭವಾದವು ಎಂಬ ಪಟ್ಟಿಯೊಂದೇ ಈ ಚರಿತ್ರೆಯಾಗಲಾರದು. ಸೇವೆಯು ಜನರ ಬಳಿಗೆ ಹೋಯಿತೋ ಅಥವಾ ಜನರೇ ಸೇವೆಯನ್ನು ಹುಡುಕಿಕೊಂಡು ಹೋಗಬೇಕಾಯಿತೋ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದಾಗ ಈ ಮೂರು ತಾಲೂಕುಗಳ ಅನುಭವ ಎರಡು ಭಿನ್ನ ಧಾರೆಗಳಾಗಿ ಕಾಣುತ್ತದೆ. ಒಂದು ಧಾರೆ ಬಹುಮಟ್ಟಿಗೆ ಯಶಸ್ವಿಯಾಯಿತು. ಇನ್ನೊಂದು ಅಪೂರ್ಣವಾಗಿಯೇ ಉಳಿಯಿತು. ಈ ಅಂತರದ ಕಾರಣಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಡಳಿತದ ಅಂಚಿನಲ್ಲಿ

ಟಿಪ್ಪು ಸುಲ್ತಾನನ ಪತನದ ನಂತರ, 1799ರಲ್ಲಿ, ಕೆನರಾ ಪ್ರದೇಶವು ಈಸ್ಟ್ ಇಂಡಿಯಾ ಕಂಪನಿಯ ಅಧೀನಕ್ಕೆ ಬಂದು ಮದರಾಸು ಪ್ರಾಂತಕ್ಕೆ ಸೇರಿತು. ಕೆಲಕಾಲದಲ್ಲೇ ಫ್ರಾನ್ಸಿಸ್ ಬುಕನನ್ ಈ ಕರಾವಳಿಯಲ್ಲಿ ಸಂಚರಿಸಿದನು. ವೃತ್ತಿಯಿಂದ ವೈದ್ಯನಾಗಿದ್ದರೂ ಕಂಪನಿಯು ಅವನಿಗೆ ವಹಿಸಿದ್ದ ಕೆಲಸ ಬೇಸಾಯ, ಕೈಗಾರಿಕೆ ಮತ್ತು ವಾಣಿಜ್ಯದ ಸಮೀಕ್ಷೆಯಾಗಿತ್ತು. ಹೊಸ ಆಡಳಿತದ ಆದ್ಯತೆ ಏನಾಗಿತ್ತೆಂಬುದನ್ನು ಇದು ಸೂಚಿಸುತ್ತದೆ.

ಮುಂದೆ ಕೆನರಾ ಜಿಲ್ಲೆಯು ಉತ್ತರ ಮತ್ತು ದಕ್ಷಿಣ ಎಂದು ಎರಡಾಯಿತು. 1862ರಲ್ಲಿ ಕುಂದಾಪುರ ತಾಲೂಕನ್ನು ಮದರಾಸು ಪ್ರಾಂತದಲ್ಲೇ ಉಳಿಸಿಕೊಂಡು ಉತ್ತರ ಕೆನರಾವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟದ ಕೆಳಗಿನ ಬಂದರುಗಳಿಗೆ ಇಳಿಸುವ ಆಸಕ್ತಿ ಈ ನಿರ್ಧಾರದ ಹಿಂದೆ ಕೆಲಸ ಮಾಡಿತ್ತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ಹತ್ತಿಯ ಬೇಡಿಕೆ ಹೆಚ್ಚಿದಾಗ ಕುಮಟಾ ಬಂದರು ಹೆಸರಾಯಿತು. ಜಿಲ್ಲೆಯ ಆಡಳಿತ ಕೇಂದ್ರವಾಗಿ ಕಾರವಾರ ಬೆಳೆಯಿತು. ಹೀಗೆ ಭಟ್ಕಳದ ದಕ್ಷಿಣಕ್ಕೆ ಎರಡು ಪ್ರಾಂತಗಳ ನಡುವಿನ ಗಡಿ ಏರ್ಪಟ್ಟು ಸುಮಾರು ಒಂದು ಶತಮಾನ ಕಾಲ ಹಾಗೆಯೇ ಮುಂದುವರಿಯಿತು.

ವೈದ್ಯಕೀಯ ಸೌಲಭ್ಯಗಳ ದೃಷ್ಟಿಯಿಂದ ಈ ಗಡಿಯ ಪರಿಣಾಮ ಗಮನಾರ್ಹವಾದುದು. ಗಡಿಯ ದಕ್ಷಿಣದಲ್ಲಿ ಸರಕಾರ, ಮಿಷನ್ ಸಂಸ್ಥೆಗಳು ಮತ್ತು ಸ್ಥಳೀಯ ದಾನಿಗಳು ಒಬ್ಬರ ಹಿಂದೆ ಒಬ್ಬರಂತೆ ಆಸ್ಪತ್ರೆಗಳನ್ನು ಕಟ್ಟಿದರು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ, 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಸಂಸ್ಥೆ, 1923ರಲ್ಲಿ ಡಾ. ಈವಾ ಲೊಂಬಾರ್ಡ್ ಉಡುಪಿಯಲ್ಲಿ ಸ್ಥಾಪಿಸಿದ ಮಿಷನ್ ಆಸ್ಪತ್ರೆ, 1953ರಲ್ಲಿ ಡಾ. ಟಿ. ಎಂ. ಎ. ಪೈ ಮಣಿಪಾಲದಲ್ಲಿ ಕಟ್ಟಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಈ ಪರಂಪರೆಯ ಮುಖ್ಯ ಘಟ್ಟಗಳು. ಉತ್ತರದಲ್ಲಿ ಪೋರ್ಚುಗೀಸರ ಆಳ್ವಿಕೆಯಿದ್ದ ಗೋವೆಯಲ್ಲಿ 1842ರಿಂದಲೇ ವೈದ್ಯಕೀಯ ಶಾಲೆಯಿತ್ತು. ಮುಂಬಯಿ ಪ್ರಾಂತದ ಗ್ರ್ಯಾಂಟ್ ವೈದ್ಯಕೀಯ ಕಾಲೇಜು 1845ರಲ್ಲಿ ಆರಂಭವಾಯಿತು. ಆದರೆ ಅದು ಸಮುದ್ರಯಾನದಷ್ಟು ದೂರದಲ್ಲಿತ್ತು, ಮಳೆಗಾಲದಲ್ಲಿ ಆ ದಾರಿಯೂ ಮುಚ್ಚುತ್ತಿತ್ತು. ಪ್ರಾಂತದ ದಕ್ಷಿಣ ತುದಿಯಾಗಿದ್ದ ಹೊನ್ನಾವರ, ಅದಕ್ಕೆ ಸೇರಿದ ಪೇಠಾ ಆಗಿದ್ದ ಭಟ್ಕಳ ಎರಡೂ ರಾಜಧಾನಿಯಿಂದ ಬಹುದೂರ ಉಳಿದವು. ಬಹುಪಾಲು ಜನರಿಗೆ ನಾಟಿ ವೈದ್ಯರು, ಸೂಲಗಿತ್ತಿಯರು ಮತ್ತು ಮನೆಮದ್ದುಗಳೇ ಆಸರೆಯಾಗಿದ್ದವು.

ಮುಂಬಯಿಯೊಡನೆ ಏರ್ಪಟ್ಟ ಸಂಬಂಧದಿಂದ ಜಿಲ್ಲೆಗೆ ಲಾಭವಾಗಲಿಲ್ಲವೆಂದಲ್ಲ. ಉದ್ಯೋಗ ಅರಸಿ ಹೋದವರ ಸಂಪರ್ಕ ಮತ್ತು ಹಣ ಊರಿಗೆ ಮರಳಿದವು. ಆದರೆ ಅವು ಹೆಚ್ಚಾಗಿ ಶಿಕ್ಷಣಕ್ಕೆ ವಿನಿಯೋಗವಾದವು. ದಿನಕರ ದೇಸಾಯಿಯವರು 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ತೆರೆಯಿತು. ಮುಂಬಯಿಯ ಪ್ರಖ್ಯಾತ ಶಸ್ತ್ರಚಿಕಿತ್ಸಕ ಡಾ. ಎ. ವಿ. ಬಾಳಿಗಾ ಅವರ ಹೆಸರು ಕುಮಟಾದಲ್ಲಿ ಉಳಿದಿರುವುದು ಕಲೆ ಮತ್ತು ವಿಜ್ಞಾನ ಕಾಲೇಜಿನ ಮೇಲೆ. ಓದಿದವರು ಹೊರಗೆ ಹೋದರು. ವೈದ್ಯರಾದವರಲ್ಲಿಯೂ ಅನೇಕರು ಹೊರಗೇ ನೆಲೆಸಿದರು. ದಕ್ಷಿಣ ಕನ್ನಡದಲ್ಲಿ ಶಾಲೆ ಮತ್ತು ಆಸ್ಪತ್ರೆಗಳು ಜೊತೆಜೊತೆಯಾಗಿ ಬೆಳೆದರೆ, ಇಲ್ಲಿ ಶಾಲೆ ಮುಂದೆ ಹೋಯಿತು, ಆಸ್ಪತ್ರೆ ಹಿಂದೆ ಉಳಿಯಿತು.

ಮನೆಬಾಗಿಲಿಗೆ ಬಂದ ಸೇವೆ

ಈ ಹಿನ್ನೆಲೆಯಲ್ಲಿ, ಜಿಲ್ಲೆಯ ಆರೋಗ್ಯ ಚರಿತ್ರೆಯ ಮೊದಲ ದೊಡ್ಡ ಯಶಸ್ಸು ಆಸ್ಪತ್ರೆಯಲ್ಲಿ ಘಟಿಸಲಿಲ್ಲ ಎಂಬುದು ಅರ್ಥಪೂರ್ಣವಾಗಿದೆ. ಅದು ಜನರ ಮನೆಯ ಗೋಡೆಗಳ ಮೇಲೆ ನಡೆಯಿತು. ಉತ್ತರ ಕನ್ನಡದ ಘಟ್ಟ ಮತ್ತು ಘಟ್ಟದ ಬುಡದ ಹಳ್ಳಿಗಳು ಚಳಿಜ್ವರಕ್ಕೆ ಕುಖ್ಯಾತವಾಗಿದ್ದವು. ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ ಬೆಟ್ಟದ ತಪ್ಪಲಿನ ನಿಧಾನವಾಗಿ ಹರಿಯುವ ತೊರೆಗಳಲ್ಲಿ ಹುಟ್ಟಿ, ಮನೆಯೊಳಗೆ ಬಂದು ಕಚ್ಚಿ, ಗೋಡೆಯ ಮೇಲೆ ಕುಳಿತು ವಿಶ್ರಮಿಸುತ್ತದೆ. ಅದರ ಈ ಸ್ವಭಾವವೇ ನಿಯಂತ್ರಣದ ದಾರಿಯನ್ನೂ ತೋರಿತು.

ಎರಡನೆಯ ಮಹಾಯುದ್ಧ ಮುಗಿದ ಬೆನ್ನಲ್ಲೇ ಮುಂಬಯಿ ಪ್ರಾಂತದ ಮಲೇರಿಯಾ ಸಂಘಟನೆಯ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಒಳಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ಕಾರ್ಯಕ್ರಮ ಆರಂಭವಾಯಿತು. ಗ್ರಾಮೀಣ ಮಲೇರಿಯಾ ನಿಯಂತ್ರಣಕ್ಕೆ ಈ ವಿಧಾನವನ್ನು ವಿಸ್ತಾರವಾಗಿ ಬಳಸಿದ ಭಾರತದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ವಿಶ್ವನಾಥನ್ ಮತ್ತು ಅವರ ಸಹೋದ್ಯೋಗಿ ಡಾ. ಟಿ. ರಾಮಚಂದ್ರ ರಾವ್ ಇದರ ಫಲಿತಾಂಶಗಳನ್ನು ವೈಜ್ಞಾನಿಕ ನಿಯತಕಾಲಿಕೆಯಲ್ಲಿ ಪ್ರಕಟಿಸಿದರು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಇಂತಹ ಅನುಭವಗಳೇ ತಳಹದಿಯಾದವು. ರಾಜಧಾನಿಯಿಂದ ದೂರವಿದ್ದ ಒಂದು ಜಿಲ್ಲೆ ದೇಶದ ಯೋಜನೆಯೊಂದಕ್ಕೆ ದಾರಿ ತೋರಿದ ಪ್ರಸಂಗವಿದು.

ಈ ಕಾರ್ಯಕ್ರಮದ ವಿನ್ಯಾಸವನ್ನು ಗಮನಿಸಬೇಕು. ಇದಕ್ಕೆ ರೋಗಿಯು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಹೊಳೆ ದಾಟುವ ಕಷ್ಟ, ಪ್ರಯಾಣದ ಖರ್ಚು, ದುಡಿಮೆಯ ನಷ್ಟ ಯಾವುದೂ ಅಡ್ಡಬರಲಿಲ್ಲ. ಸಿಡುಬಿನ ವಿರುದ್ಧ ಮನೆಮನೆಗೆ ಬಂದು ಹಾಕಿದ ದೇವಿಯ ಸೂಜಿಗೂ ಇದೇ ಮಾತು ಅನ್ವಯಿಸುತ್ತದೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ವರದಿಯಾದುದು 1975ರಲ್ಲಿ. ಆದರೆ ಮನೆಗೆ ಬರುವ ಸೇವೆ ಸಡಿಲವಾದಾಗ ಏನಾಗುತ್ತದೆ ಎಂಬುದಕ್ಕೂ ಮಲೇರಿಯಾವೇ ಸಾಕ್ಷಿ. 1960ರ ದಶಕದ ಮಧ್ಯದಲ್ಲಿ ದೇಶದಲ್ಲಿ ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದ ಪ್ರಕರಣಗಳು 1976ರ ವೇಳೆಗೆ 64 ಲಕ್ಷಕ್ಕೆ ಏರಿದವು.

ಪ್ರಾಥಮಿಕ ಆರೋಗ್ಯ ಕೇಂದ್ರಗಳು

ಸ್ವತಂತ್ರ ಭಾರತದ ಆರೋಗ್ಯ ವ್ಯವಸ್ಥೆಯ ನಕ್ಷೆಯನ್ನು ಹಾಕಿಕೊಟ್ಟದ್ದು 1946ರ ಭೋರ್ ಸಮಿತಿಯ ವರದಿ. 1952ರಲ್ಲಿ ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಳ್ಳಿಗಾಡಿಗೆ ಬಂದವು. 1956ರ ನವೆಂಬರ್ 1ರಂದು ಉತ್ತರ ಕನ್ನಡವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಒಂದೂವರೆ ಶತಮಾನದ ಅವಧಿಯಲ್ಲಿ ಇದು ಜಿಲ್ಲೆ ಕಂಡ ಮೂರನೆಯ ಆಡಳಿತ. ಮದರಾಸಿಗೆ, ಮುಂಬಯಿಗೆ ಅಂಚಾಗಿದ್ದ ಪ್ರದೇಶ ಈಗ ಬೆಂಗಳೂರಿಗೂ ಅಂಚಾಯಿತು. ಆದರೂ ಭಟ್ಕಳದ ದಕ್ಷಿಣದ ಪ್ರಾಂತೀಯ ಗಡಿ ಅಳಿದು, ಅದು ಎರಡು ಜಿಲ್ಲೆಗಳ ನಡುವಿನ ಗೆರೆಯಾಗಿ ಮಾತ್ರ ಉಳಿಯಿತು. ಮಣಿಪಾಲ, ಮಂಗಳೂರುಗಳ ದಾರಿ ಹತ್ತಿರವಾಯಿತು. 1957ರಲ್ಲಿ ಹುಬ್ಬಳ್ಳಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು.

1978ರ ಆಲ್ಮಾ ಆಟಾ ಘೋಷಣೆಯು ಪ್ರಾಥಮಿಕ ಆರೋಗ್ಯ ಪಾಲನೆಯನ್ನು ಬಡ ದೇಶಗಳ ಆರೋಗ್ಯ ನೀತಿಯ ಕೇಂದ್ರಕ್ಕೆ ತಂದಿತು. ಅನಂತರ ರೂಪುಗೊಂಡ ಭಾರತೀಯ ಮಾನದಂಡದಂತೆ ಬಯಲು ಪ್ರದೇಶದಲ್ಲಿ 30,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಕ್ರಮವಾಗಿ 5,000 ಮತ್ತು 3,000 ಜನರಿಗೆ ಒಂದು ಉಪಕೇಂದ್ರ ಇರಬೇಕು. ಜನಸಂಖ್ಯೆಯನ್ನು ಆಧರಿಸಿದ ಈ ಲೆಕ್ಕ ಹೊಳೆ ಘಟ್ಟಗಳ ನಾಡಿನಲ್ಲಿ ಸಂಪೂರ್ಣ ಸತ್ಯವನ್ನು ಹೇಳುವುದಿಲ್ಲ. ನಕಾಶೆಯಲ್ಲಿ ಹತ್ತಿರ ಕಾಣುವ ಕೇಂದ್ರವು ಹೊಳೆಯ ಆಚೆ ದಡದಲ್ಲಿದ್ದರೆ ಆಷಾಢದ ಮಳೆಯಲ್ಲಿ ಅದರ ದೂರವೇ ಬೇರೆ.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದವರು ತಳಮಟ್ಟದ ಮಹಿಳಾ ಕಾರ್ಯಕರ್ತೆಯರು. ಉಪಕೇಂದ್ರದ ಕಿರಿಯ ಆರೋಗ್ಯ ಸಹಾಯಕಿ, 1975ರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ಬಂದ ಅಂಗನವಾಡಿ ಕಾರ್ಯಕರ್ತೆ, 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ನಂತರ ಬಂದ ಆಶಾ ಕಾರ್ಯಕರ್ತೆ ಈ ಮೂವರೂ ಹಳೆಯ ಡಿಡಿಟಿ ತಂಡಗಳಂತೆ ಮನೆಬಾಗಿಲಿಗೆ ಹೋಗುವವರು. ಬಸುರಿಯ ನೋಂದಣಿ, ಮಕ್ಕಳ ಚುಚ್ಚುಮದ್ದು, ಪೋಲಿಯೊ ಹನಿ, ಕ್ಷಯ ರೋಗಿಗೆ ಮಾತ್ರೆ ಮುಟ್ಟಿಸುವ ಕೆಲಸ ಎಲ್ಲವೂ ಇವರ ಕಾಲ್ನಡಿಗೆಯನ್ನೇ ಅವಲಂಬಿಸಿದವು. ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ಸ್ಥಳಾಂತರಗೊಂಡದ್ದರಲ್ಲಿ ಜನನಿ ಸುರಕ್ಷಾ ಯೋಜನೆಯ ಹಣದಷ್ಟೇ, ಬಸುರಿಯ ಜೊತೆ ಬಂದು ಕುಳಿತ ಆಶಾ ಕಾರ್ಯಕರ್ತೆಯ ಪಾತ್ರವೂ ದೊಡ್ಡದು.

ಮಂಗನ ಕಾಯಿಲೆಯ ಪಾಠ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳ ಸಾವಿನ ಜೊತೆಗೆ ಮನುಷ್ಯರಲ್ಲಿಯೂ ಹೊಸ ಜ್ವರವೊಂದು ಕಾಣಿಸಿಕೊಂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರವು ಅದರ ವೈರಾಣುವನ್ನು ಪತ್ತೆಹಚ್ಚಿತು. ಉಣುಗಿನ ಕಡಿತದಿಂದ ಹರಡುವ ಈ ಕಾಯಿಲೆ ಮುಂದಿನ ದಶಕಗಳಲ್ಲಿ ಉತ್ತರ ಕನ್ನಡದ ಸಿದ್ದಾಪುರ, ಹೊನ್ನಾವರ ಮೊದಲಾದ ತಾಲೂಕುಗಳಿಗೂ ಹಬ್ಬಿತು. ತರಗೆಲೆ ತರಲು, ಕಟ್ಟಿಗೆ ಆರಿಸಲು, ದನ ಮೇಯಿಸಲು ಕಾಡಿಗೆ ಹೋಗುವ ಬಡ ರೈತರು ಮತ್ತು ಕೂಲಿಕಾರರೇ ಇದಕ್ಕೆ ಹೆಚ್ಚು ತುತ್ತಾದರು.

ಆರೋಗ್ಯ ಸೇವೆಯ ಎರಡು ಧಾರೆಗಳೂ ಈ ಕಾಯಿಲೆಯಲ್ಲಿ ಒಂದೆಡೆ ಕೂಡುತ್ತವೆ. ಮುಂಜಾಗ್ರತೆಯ ಕೆಲಸ ಹಳ್ಳಿಯಲ್ಲೇ ನಡೆಯುತ್ತದೆ. ಮಂಗ ಸತ್ತ ಸುದ್ದಿ ತಿಳಿಸುವುದು, ಮೈಗೆ ಹಚ್ಚುವ ಉಣುಗು ನಿರೋಧಕ ತೈಲ ಹಂಚುವುದು, ಜ್ವರ ಬಂದವರ ರಕ್ತದ ಮಾದರಿ ಕಳಿಸುವುದು ಇವೆಲ್ಲ ಮನೆಮನೆಯ ಕೆಲಸಗಳು. 1990ರ ದಶಕದ ಆರಂಭದಿಂದ ಬಳಕೆಯಲ್ಲಿದ್ದ ಲಸಿಕೆಯ ಪರಿಣಾಮ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಈ ಕಾಯಿಲೆಗೆ ನಿರ್ದಿಷ್ಟ ಔಷಧಿಯೂ ಇಲ್ಲ. ರಕ್ತಸ್ರಾವ ಅಥವಾ ಮಿದುಳಿನ ತೊಂದರೆ ಕಾಣಿಸಿಕೊಂಡ ರೋಗಿಗೆ ತೀವ್ರ ನಿಗಾ ಘಟಕ, ರಕ್ತದ ಘಟಕಗಳು ಮತ್ತು ತಜ್ಞ ವೈದ್ಯರು ಬೇಕು. ಆಗ ಹೊನ್ನಾವರದ ಕಾಡಂಚಿನ ಮನೆಯವರು ದಕ್ಷಿಣದ ದಾರಿ ಹಿಡಿಯಬೇಕಾಗುತ್ತದೆ. ಆ ದಾರಿಯ ಉದ್ದ ಉಡುಪಿಯವರೆಗೆ ಸುಮಾರು 130 ಕಿ.ಮೀ.

ದಾರಿಯೇ ಪ್ರಶ್ನೆಯಾದಾಗ

ತಾಯಂದಿರ ಮರಣವನ್ನು ಅಧ್ಯಯನ ಮಾಡಿದ ಥಾಡಿಯಸ್ ಮತ್ತು ಮೇನ್ 1994ರಲ್ಲಿ ಮೂರು ಬಗೆಯ ವಿಳಂಬಗಳನ್ನು ಗುರುತಿಸಿದರು. ಚಿಕಿತ್ಸೆ ಬೇಕೆಂದು ನಿರ್ಧರಿಸುವಲ್ಲಿನ ವಿಳಂಬ, ಆಸ್ಪತ್ರೆ ತಲುಪುವಲ್ಲಿನ ವಿಳಂಬ, ತಲುಪಿದ ಮೇಲೆ ತಕ್ಕ ಚಿಕಿತ್ಸೆ ದೊರೆಯುವಲ್ಲಿನ ವಿಳಂಬ. ಈ ವಿಂಗಡಣೆ ಮೂರು ತಾಲೂಕುಗಳ ಚರಿತ್ರೆಗೂ ಒಪ್ಪುತ್ತದೆ. ಮೊದಲನೆಯ ವಿಳಂಬವನ್ನು ಶಾಲೆಗಳು ಮತ್ತು ಆರೋಗ್ಯ ಕಾರ್ಯಕರ್ತೆಯರು ತಗ್ಗಿಸಿದರು. ಎರಡನೆಯದನ್ನು ತಗ್ಗಿಸಿದ್ದು ಸೇತುವೆ, ರಸ್ತೆ ಮತ್ತು ವಾಹನಗಳು. ದೋಣಿಯಲ್ಲಿ ಕಡವು ದಾಟಬೇಕಿದ್ದ ನದಿಗಳಿಗೆ ಹೆದ್ದಾರಿಯ ಸೇತುವೆಗಳಾದವು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಮಾರ್ಗದ ಅತಿ ಉದ್ದದ, ಎರಡು ಕಿ.ಮೀ.ಗೂ ಮೀರಿದ ಸೇತುವೆ ಹೊನ್ನಾವರದ ಶರಾವತಿಯ ಮೇಲಿನದು. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಆರಂಭವಾದ ಆರೋಗ್ಯ ಕವಚ 108 ಸೇವೆಯಿಂದ ಬಡವರಿಗೂ ಉಚಿತ ಆಂಬುಲೆನ್ಸ್ ದೊರೆಯಿತು.

ಮೂರನೆಯ ವಿಳಂಬ ಮಾತ್ರ ಬಗೆಹರಿಯಲಿಲ್ಲ. ತಾಲೂಕು ಆಸ್ಪತ್ರೆಯ ಕಟ್ಟಡವಿದ್ದರೆ ಸಾಲದು. ಒಂದು ಶಸ್ತ್ರಚಿಕಿತ್ಸೆಯ ಹೆರಿಗೆಗೂ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮತ್ತು ರಕ್ತ ಏಕಕಾಲದಲ್ಲಿ ಲಭ್ಯವಿರಬೇಕು. ಇವರಲ್ಲಿ ಒಬ್ಬರಿಲ್ಲದಿದ್ದರೂ ಉಳಿದವರ ಇರವು ವ್ಯರ್ಥ. ಹೊನ್ನಾವರದ ಸೇಂಟ್ ಇಗ್ನೇಷಿಯಸ್, ಮುರ್ಡೇಶ್ವರದ ಆರ್. ಎನ್. ಶೆಟ್ಟಿ ಆಸ್ಪತ್ರೆಯಂತಹ ಖಾಸಗಿ ಹಾಗೂ ಧರ್ಮಾರ್ಥ ಸಂಸ್ಥೆಗಳು ಈ ಭಾರವನ್ನು ಹಂಚಿಕೊಂಡಿವೆ. ಆದರೂ ತಲೆಗೆ ಬಿದ್ದ ಪೆಟ್ಟು, ಹೃದಯಾಘಾತ, ನವಜಾತ ಶಿಶುವಿನ ಗಂಭೀರ ಸ್ಥಿತಿ ಇಂತಹ ಸಂದರ್ಭಗಳಲ್ಲಿ ಜಿಲ್ಲೆಯ ಗಡಿ ದಾಟುವುದು ರೂಢಿಯಾಯಿತು.

ಆರೋಗ್ಯ ವಿಮೆಯೂ ಈ ಅಂತರವನ್ನು ಮುಚ್ಚಲಿಲ್ಲ. 2003ರಲ್ಲಿ ಸಹಕಾರಿ ಸಂಘಗಳ ಸದಸ್ಯರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆ, 2018ರ ಆರೋಗ್ಯ ಕರ್ನಾಟಕ ಮತ್ತು ಅದರೊಂದಿಗೆ ಜೋಡಣೆಯಾದ ಆಯುಷ್ಮಾನ್ ಭಾರತ ಬಡವರ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಭರಿಸಿದವು. ಇದು ಸಣ್ಣ ಉಪಕಾರವಲ್ಲ. ಆದರೆ ವಿಮೆಯ ಹಣ ಸಲ್ಲುವುದು ಆಸ್ಪತ್ರೆ ಇರುವಲ್ಲಿ. ಕಾರ್ಡು ಭಟ್ಕಳದ ಮನೆಯಲ್ಲಿದ್ದರೂ ಅದಕ್ಕೆ ಬೆಲೆ ಬರುವುದು ಅನೇಕ ವೇಳೆ ಮಣಿಪಾಲ ಅಥವಾ ಮಂಗಳೂರಿನಲ್ಲಿ. ಸಂಗಡ ಹೋದವರ ಊಟ, ವಸತಿ, ಕಳೆದುಹೋದ ದಿನಗೂಲಿ ಯಾವ ಯೋಜನೆಯ ಲೆಕ್ಕಕ್ಕೂ ಬರುವುದಿಲ್ಲ. ಆರೈಕೆಯ ಅಗತ್ಯ ಹೆಚ್ಚಿರುವಲ್ಲೇ ಅದರ ಲಭ್ಯತೆ ಕಡಿಮೆಯಿರುತ್ತದೆಂದು ವೇಲ್ಸ್‌ನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಮಂಡಿಸಿದ ವಾದವನ್ನು ಇಲ್ಲಿ ನೆನೆಯಬಹುದು.

2016ರಲ್ಲಿ ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದುದು ಮಹತ್ವದ ಹೆಜ್ಜೆ. ಆದರೆ ಕಾರವಾರವು ಜಿಲ್ಲೆಯ ಉತ್ತರ ತುದಿಯಲ್ಲಿದೆ. ಭಟ್ಕಳದಿಂದ ಉಡುಪಿಗೆ ಸುಮಾರು 90 ಕಿ.ಮೀ. ಆದರೆ ಕಾರವಾರಕ್ಕೆ ಸುಮಾರು 130 ಕಿ.ಮೀ. ಹೀಗಾಗಿ ಭಟ್ಕಳದವರ ಪಾಲಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ನೆರೆಯ ಜಿಲ್ಲೆಯೇ ಸಮೀಪ. 2019ರಲ್ಲಿ ಜಿಲ್ಲೆಗೆ ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂಬ ಬೇಡಿಕೆ ಸಾಮಾಜಿಕ ಜಾಲತಾಣಗಳ ಮೂಲಕ ದೊಡ್ಡ ದನಿಯಾಗಿ ಕೇಳಿಬಂದಿತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಕುಂದಾಪುರದತ್ತ ಧಾವಿಸುತ್ತಿದ್ದ ಆಂಬುಲೆನ್ಸ್, ಬೈಂದೂರು ತಾಲೂಕಿನ ಶಿರೂರು ಟೋಲ್ ಕೇಂದ್ರದ ಬಳಿ ಮಳೆಯಿಂದ ತೋಯ್ದ ರಸ್ತೆಯಲ್ಲಿ ಜಾರಿ ಉರುಳಿತು. ರೋಗಿಯೂ ಸೇರಿ ನಾಲ್ವರು ಮೃತಪಟ್ಟರು. ಆಸ್ಪತ್ರೆಯಿಲ್ಲದಿದ್ದರೆ ಮತವಿಲ್ಲ ಎಂಬ ಘೋಷಣೆ ಜಿಲ್ಲೆಯಾದ್ಯಂತ ಹಬ್ಬಿತು. ಅಪಘಾತ ನಡೆದ ಶಿರೂರು, 1862ರಲ್ಲಿ ಎಳೆದ ಗಡಿಗೆರೆಯ ಆಚೆ ಬದಿಯಲ್ಲೇ ಇದೆ.

ಎರಡು ವರ್ಷಗಳ ನಂತರ, 2024ರ ಜುಲೈ 16ರಂದು, ಅದೇ ಹೆಸರಿನ ಇನ್ನೊಂದು ಊರಿನಲ್ಲಿ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಗುಡ್ಡ ಕುಸಿದು ಜೀವಹಾನಿಯಾಯಿತು ಮತ್ತು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಕುಮಟಾ, ಹೊನ್ನಾವರ, ಭಟ್ಕಳಗಳಿಂದ ಕಾರವಾರದ ಆಸ್ಪತ್ರೆಗೆ ಹೋಗುವ ನೇರ ದಾರಿ ಅದೇ ಆಗಿತ್ತು. ಅದೇ ವರ್ಷದ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಗೋವೆಯ ಕಡೆಗಿನ ಸಂಚಾರಕ್ಕೆ ಹೊಸ ಸೇತುವೆಯೊಂದೇ ಆಧಾರವಾಯಿತು. ಒಂದೇ ರಸ್ತೆಯನ್ನು ನೆಚ್ಚಿದ ಆರೋಗ್ಯ ವ್ಯವಸ್ಥೆ ಎಷ್ಟು ದುರ್ಬಲವೆಂಬುದನ್ನು ಆ ಮಳೆಗಾಲ ತೋರಿಸಿಕೊಟ್ಟಿತು.

ಉಪಸಂಹಾರ

ಭಟ್ಕಳ, ಹೊನ್ನಾವರ, ಕುಮಟಾಗಳ ಆರೋಗ್ಯ ಚರಿತ್ರೆ ಹಿಂದುಳಿಯುವಿಕೆಯ ಕಥೆಯಷ್ಟೇ ಅಲ್ಲ. ಮಲೇರಿಯಾ ನಿಯಂತ್ರಣದಲ್ಲಿ ಈ ಜಿಲ್ಲೆ ದೇಶಕ್ಕೆ ಮುಂಚೂಣಿಯಲ್ಲಿತ್ತು. ಸಿಡುಬು ಅಳಿಯಿತು, ಪೋಲಿಯೊ ಅಳಿಯಿತು, ಹೆರಿಗೆ ಸುರಕ್ಷಿತವಾಯಿತು. ಇವೆಲ್ಲವೂ ಮನೆಬಾಗಿಲಿಗೆ ನಡೆದುಬಂದ ಸೇವೆಯ ಫಲಗಳು. ಇಂತಹ ಸೇವೆಗೆ ಆಡಳಿತದ ಗಡಿಯಾಗಲಿ, ಹೊಳೆಯಾಗಲಿ ದೊಡ್ಡ ಅಡ್ಡಿಯಾಗಲಿಲ್ಲ.

ರೋಗಿಯೇ ಹೋಗಬೇಕಾದ ಸೇವೆಯ ವಿಷಯ ಹಾಗಲ್ಲ. ಅದಕ್ಕೆ ದೀರ್ಘಕಾಲದ ಬಂಡವಾಳ, ತಜ್ಞರು, ಊರಿನಲ್ಲೇ ನೆಲೆನಿಂತ ಸಂಸ್ಥೆಗಳು ಬೇಕು. ಮೂರು ಆಡಳಿತಗಳಲ್ಲಿಯೂ ಅಂಚಿನಲ್ಲೇ ಉಳಿದ ಈ ಕರಾವಳಿಗೆ ಅದು ಸಕಾಲದಲ್ಲಿ ಒದಗಲಿಲ್ಲ. ಇಂದಿನ ಬೇಡಿಕೆಯನ್ನು ಕೇವಲ ಒಂದು ಕಟ್ಟಡದ ಬೇಡಿಕೆಯೆಂದು ತಿಳಿದರೆ ಅದರ ಹಿಂದಿನ ಒಂದೂವರೆ ಶತಮಾನದ ಚರಿತ್ರೆಯನ್ನು ಮರೆತಂತಾಗುತ್ತದೆ. ಕಟ್ಟಡ ಎಲ್ಲಿ ಎದ್ದರೂ, ಮೂರು ತಾಲೂಕುಗಳ ಯಾವ ಹಳ್ಳಿಯಿಂದ ಅಲ್ಲಿಗೆ ಮಳೆಗಾಲದ ರಾತ್ರಿ ಎಷ್ಟು ಹೊತ್ತಿನಲ್ಲಿ ತಲುಪಬಹುದು, ತಲುಪಿದಾಗ ಅಲ್ಲಿ ತಜ್ಞರಿರುತ್ತಾರೆಯೇ ಎಂಬ ಎರಡು ಪ್ರಶ್ನೆಗಳಿಂದಲೇ ಅದರ ಸಾರ್ಥಕತೆಯನ್ನು ಅಳೆಯಬೇಕಾಗುತ್ತದೆ.